ಮಾರುವವನ ಮೌನ

ಉಚ್ಚಂಗಿದುರ್ಗದ ಎಲ್ಲಮ್ಮನ ದರ್ಶನಕ್ಕೆ ಹಿಂದೆ ಸಂಸಾರಗಳು ಕೊಲ್ಲಾರಿ ಬಂಡಿಗಳಲ್ಲಿ ಬರುತ್ತಿದ್ದವು. ಪ್ರಯಾಣದಲ್ಲಿ ಬಂಡಿಯೇ ಮನೆ. ಈಗ ಕೆಲವರು ಹಳೆಯ ಮೋಟಾರು ವ್ಯಾನಿನೊಳಗೆ ಸ್ವಹಸ್ತದಿಂದಲೇ ಹಲಗೆಯ ಮಂಚ, ನೀರಿನ ತೊಟ್ಟಿ, ಗ್ಯಾಸಿನ ಒಲೆಗಳನ್ನು ಅಳವಡಿಸಿ ಸಂಚರಿಸುತ್ತಾರೆ. ಅಂಥ ವಾಹನವನ್ನು ಮಾರುವವನು ಅದರ ದೋಷಗಳನ್ನು ಕೇಳದಿದ್ದರೂ ಹೇಳತಕ್ಕದ್ದೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಕೊಳ್ಳುವವನೇ ಎಚ್ಚರದಿಂದಿರಬೇಕೆಂಬುದು 1930ರ ಸರಕು ಮಾರಾಟ ಕಾಯಿದೆಯ ಸಾಮಾನ್ಯ ನಿಯಮ. ಅದಕ್ಕೆ ಅಪವಾದಗಳೂ ಉಂಟು. ಯಾಜ್ಞವಲ್ಕ್ಯಸ್ಮೃತಿಯಾದರೋ ಕೊಂಡ ಎತ್ತು ಮೊದಲಾದ ವಾಹಕ ಪಶುಗಳ ಪರೀಕ್ಷೆಗೆ 5 ದಿನಗಳ ಅವಧಿ ಕೊಡುತ್ತದೆ. ಉಚ್ಚಂಗಿಯ ಪಾಂಡ್ಯರ ಸಾರ್ವಭೌಮನಾಗಿದ್ದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದುದು ಈ ಸ್ಮೃತಿಗೇ.

ಎತ್ತಿನ ಕುಂಟು 5 ದಿನಗಳಲ್ಲಿ ಕಂಡೀತು. ಹಲಗೆಯ ಹಿಂದೆ ಸವೆದ ವಿದ್ಯುತ್ತಂತಿ, ಸಡಿಲವಾದ ಗ್ಯಾಸಿನ ಕೊಳವೆ 5 ತಿಂಗಳಾದರೂ ಕಾಣದು. ಕಂಡ ರಾತ್ರಿ ಒಳಗೆ ಮಕ್ಕಳು ಮಲಗಿರಬಹುದು. ಅದನ್ನು ಬಲ್ಲವನು ಹಲಗೆಗೆ ಮೊಳೆ ಹೊಡೆದವನೊಬ್ಬನೇ. ಆದುದರಿಂದ ತಾನೇ ಕಟ್ಟಿದ್ದನ್ನು ಮಾರುವವನ ಹೊಣೆ, ಪರರು ಕಟ್ಟಿದ್ದನ್ನು ಮಾರುವವನ ಹೊಣೆಗಿಂತ ಗುರುತರವಾದುದು.

ಹೇಳಿದರೆ ಬೆಲೆ ಇಳಿಯದೆ? ಇಳಿಯುವುದು ನಿಜ. ಆದರೆ ಹಾಗೆ ಇಳಿದ ಹಣವು ಎಂದೂ ಅವನದಾಗಿರಲಿಲ್ಲ. ಅದು ಕೊಳ್ಳುವವನ ಅಜ್ಞಾನಕ್ಕೆ ಕಟ್ಟಿದ ಬೆಲೆ. ತನ್ನ ದುಡಿಮೆಗೆ ಪ್ರತಿಫಲ ಕೇಳುವ ಹಕ್ಕು ಅವನಿಗುಂಟು. ತನ್ನ ಮೌನಕ್ಕೆ ಕೇಳುವ ಹಕ್ಕಿಲ್ಲ.