ಬಣ್ಣದ ಕೆಳಗಿನ ಬಿರುಕು

ಹಾವೇರಿಯ ಮನೆಯಲ್ಲಿ ಅಪ್ಪನ ಹಳೇ ಯೆಜ್ಡಿ ಧೂಳು ತಿನ್ನುತ್ತಾ ನಿಂತಿತ್ತು. ಬ್ಯಾಡಗಿಯವರೊಬ್ಬರು ಕೊಳ್ಳಲು ಒಪ್ಪಿದರು. ಪೌಡರ್ ಕೋಟಿಂಗ್ ಮಾಡಿಸಿಯೇ ಕೊಡೋಣ ಅಂತ ಫ್ರೇಮನ್ನು ರಾಣೇಬೆನ್ನೂರಿಗೆ ಒಯ್ದೆ.

ನೋಡೋಕೆ ಸರಳ ಕೆಲಸ. ಒಣ ಪುಡಿಗೆ ವಿದ್ಯುತ್ ಚಾರ್ಜ್ ಕೊಟ್ಟು ಲೋಹಕ್ಕೆ ಸಿಂಪಡಿಸಿ, ಸುಮಾರು 200 ಡಿಗ್ರಿ ಓವನ್ನಿನಲ್ಲಿ ಬೇಯಿಸಿದರೆ ಕರಗಿ ಗಟ್ಟಿ ಪದರವಾಗುತ್ತೆ. ನಿಜವಾದ ದುಡಿಮೆ ಇರೋದು ಅದಕ್ಕೂ ಮೊದಲು: ಹಳೇ ಬಣ್ಣ, ತುಕ್ಕು, ಎಣ್ಣೆ ಪೂರ್ತಿ ತೆಗೀಬೇಕು, ಬೇರಿಂಗ್ ಕೂರುವ ಜಾಗ, ಬೋಲ್ಟಿನ ಥ್ರೆಡ್ಡು ಮುಚ್ಚಬೇಕು. ತುಕ್ಕಿನ ಮೇಲೇ ಹಾಕಿದರೆ ಒಂದೆರಡು ಮಳೆಗಾಲಕ್ಕೆ ಹಪ್ಪಳದ ಹಾಗೆ ಏಳುತ್ತೆ. ಅಲ್ಲಿಯವರೆಗೆ ಒಳ್ಳೆ ಕೆಲಸ, ಕಳ್ಳ ಕೆಲಸ ಎರಡೂ ಒಂದೇ ಥರ ಹೊಳೀತವೆ.

ಸ್ಯಾಂಡ್ ಬ್ಲಾಸ್ಟಿಂಗ್ ಆದಮೇಲೆ ಅಂಗಡಿಯವರ ಫೋನ್ ಬಂತು.

“ಸರ, ವೆಲ್ಡಿಂಗ್ ಹತ್ರ ಕೂದಲೆಳಿಯಷ್ಟು ಬಿರುಕು ಐತ್ರಿ.”

“ಬಣ್ಣ ಹಾಕಿದ್ರ ಕಾಣ್ತೈತೇನು?” ಬಾಯಿಗೆ ಬಂದ ಮೊದಲ ಮಾತೇ ಇದು.

“ಕಾಣಂಗಿಲ್ರಿ. ಅದಕ್ಕ ಕೇಳಾಕತ್ತೀನಿ.”

ಸಿಟ್ಟು ಬಂತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿದೆ, ಬೇರೆ ಫ್ರೇಮು ಎಲ್ಲಿಂದ ತರೋದು? ಅವರು ಕೇಳಲಿಲ್ಲ, ನಾನು ಹೇಳಲಿಲ್ಲ, ಇದು ಸುಳ್ಳು ಹೇಗಾಗುತ್ತೆ? ಹಳೇ ಬಣ್ಣ ಇದ್ದಾಗ ನನಗೂ ಗೊತ್ತಿರಲಿಲ್ಲ, ಆಗ ಮಾರಿದ್ದರೆ ತಪ್ಪಿರಲಿಲ್ಲ. ಈಗ ಗೊತ್ತಿದೆ. ಮೇಲಾಗಿ ಅವರಿಗೆ ಕಾಣದ ಹಾಗೆ ಮಾಡೋಕೆ ದುಡ್ಡು ಕೊಡ್ತಿರೋನೂ ನಾನೇ. (ಆಫೀಸಿನಲ್ಲಿ ಗೊತ್ತಿದ್ದ ಬಗ್ ಇಟ್ಟುಕೊಂಡೇ ರಿಲೀಸ್ ಮಾಡ್ತೀವಿ, ನಿಜ. ಅಲ್ಲಿ ‘ನೋನ್ ಇಶ್ಯೂಸ್’ ಅಂತ ಬರೆದಾದರೂ ಇಡ್ತೀವಿ.) ಆ ಗಾಡಿ ಮೇಲೆ ಅವರು ಹೆಂಡತಿ, ಮಗನ್ನ ಕೂರಿಸಿಕೊಂಡು ಹೋಗೋರು.

ಬ್ಯಾಡಗಿಗೆ ಫೋನ್ ಮಾಡಿ ಹೇಳಿದೆ. ಬಿರುಕು ವೆಲ್ಡ್ ಮಾಡಿಸಿ, ಮತ್ತೆ ಬ್ಲಾಸ್ಟ್ ಮಾಡಿಸಿ, ಕಪ್ಪು ಬಣ್ಣ ಹಾಕಿಸಿ ಕೊಟ್ಟೆ. ಅವರು ಮೂರು ಸಾವಿರ ಇಳಿಸಿದರು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಮ್ಮಿ ಅಂತಾರೆ. ನನಗೆ ಇನ್ನೂ ಉರೀತಿದೆ.