ಹುಣಸೆ ಮತ್ತು ಹಾವಸೆ: ಅಹಿಂಸೆಯ ಅಳತೆಗೋಲು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯ ಒಣನೆಲದಲ್ಲಿ ಹುಣಸೆ ಮರಕ್ಕೆ ಬೆಲೆಯಿದೆ. ತೋಪನ್ನು ಗುತ್ತಿಗೆ ಹಿಡಿದವರು ಬೇಸಿಗೆಯ ಮೊದಲಿಗೆ ಕೋಲಿನಿಂದ ಕೊಂಬೆ ಬಡಿದು ಹಣ್ಣು ಉದುರಿಸಿ, ಸಿಪ್ಪೆ, ನಾರು, ಬೀಜ ಬಿಡಿಸಿ ಮಾರುಕಟ್ಟೆಗೆ ಒಯ್ಯುತ್ತಾರೆ. ಅದೇ ಸೀಮೆಯ ಬಂಡೆಗಳ ಮೇಲೆ ಮಳೆ ಬಿದ್ದೊಡನೆ ಹಸಿರೇರುವ ಹಾವಸೆಯನ್ನು, ಅಂದರೆ ನಿಜವಾದ ಬೇರು, ಹೂವು, ಬೀಜಗಳಿಲ್ಲದೆ ಎಲೆಯ ಮೈಯಿಂದಲೇ ನೀರು ಹೀರಿ ಬದುಕುವ ಕಿರುಸಸ್ಯವನ್ನು, ಜನರು ಗಮನಿಸುವುದು ಕಾಲು ಜಾರಿದಾಗ ಮಾತ್ರ. ಇವೆರಡರಲ್ಲಿ ಯಾವುದನ್ನು ಘಾಸಿಗೊಳಿಸಿದರೆ ಹಿಂಸೆ ಹೆಚ್ಚು ಎಂಬುದು ವಿಚಿತ್ರವಾಗಿ ಕೇಳಿಸಿದರೂ ಜೈನ ಶಾಸ್ತ್ರದೊಳಗೆ ಅದು ಗಂಭೀರವಾದ ಪ್ರಶ್ನೆ.

ಚಾವುಂಡರಾಯನ ಸಮಕಾಲೀನನಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿ ಪ್ರಾಕೃತದಲ್ಲಿ ರಚಿಸಿದ, 1359ರಲ್ಲಿ ಕೇಶವವರ್ಣಿ ಕನ್ನಡ ವೃತ್ತಿ ಬರೆದ ‘ಗೊಮ್ಮಟಸಾರ’ವು ಸಸ್ಯಗಳನ್ನು ಎರಡಾಗಿ ವಿಂಗಡಿಸುತ್ತದೆ: ಒಂದು ದೇಹಕ್ಕೆ ಒಂದೇ ಜೀವವಿರುವುದು ‘ಪ್ರತ್ಯೇಕ’, ಒಂದೇ ದೇಹದಲ್ಲಿ ಅನಂತ ಜೀವಗಳು ಕೂಡಿ ಉಸಿರಾಡಿ ಕೂಡಿ ಸಾಯುವುದು ‘ಸಾಧಾರಣ’. ನರ, ಗಿಣ್ಣು, ನಾರು ಕಾಣಿಸದ, ಮುರಿದರೂ ಮತ್ತೆ ಬೆಳೆಯುವ ಸಸ್ಯದಲ್ಲಿ ಸಾಧಾರಣ ಜೀವಗಳ ನೆಲೆಯಿದೆಯೆಂದು ಗುರುತಿಸಬೇಕೆನ್ನುತ್ತದೆ ಶಾಸ್ತ್ರ. ಮಾಗಿದ ಹುಣಸೆಯ ನಾರು ಕೈಗೇ ಸಿಗುತ್ತದೆ. ಹಾವಸೆಗೆ ನೀರು ಸಾಗಿಸುವ ಗಟ್ಟಿ ನಾಳಗಳಿಲ್ಲ, ಅದರ ಚೂರಿನಿಂದಲೇ ಹೊಸ ಸಸ್ಯ ಹುಟ್ಟುತ್ತದೆ. ಆದ್ದರಿಂದ ಈ ಲಕ್ಷಣಗಳಿಂದ ಅಳೆದರೆ ಹೆಮ್ಮರಕ್ಕಿಂತ ಬೆರಳುದ್ದದ ಹಾವಸೆಯಲ್ಲೇ ಜೀವಸಂದಣಿ ಹೆಚ್ಚು.

ಅದೇ ಗ್ರಂಥದಲ್ಲಿ ಲೇಶ್ಯೆಯನ್ನು, ಅಂದರೆ ಮನೋಭಾವ ಆತ್ಮಕ್ಕೆ ಬಳಿಯುವ ಬಣ್ಣವನ್ನು, ವಿವರಿಸಲು ಆರು ದಾರಿಹೋಕರ ದೃಷ್ಟಾಂತವಿದ್ದು, ಶ್ರವಣಬೆಳಗೊಳದ ಜೈನಮಠದ ಭಿತ್ತಿಯಲ್ಲೂ ಅದು ಚಿತ್ರಿತವಾಗಿದೆ: ಹಣ್ಣಿನ ಮರವನ್ನು ಒಬ್ಬ ಬುಡಸಮೇತ ಕಡಿಯಬಯಸಿದರೆ, ಮುಂದಿನವರು ಕಾಂಡ, ಕೊಂಬೆ, ರೆಂಬೆ, ಹಣ್ಣು ಎಂದು ಇಳಿಯುತ್ತ ಬಂದು, ಕೊನೆಯವನು ಉದುರಿದ್ದನ್ನಷ್ಟೇ ಆಯುತ್ತಾನೆ. ಹುಣಸೆ ಬಡಿಯುವವನು ಈ ಸಾಲಿನಲ್ಲಿ ಐದನೆಯವನ ಪಕ್ಕ ನಿಲ್ಲುತ್ತಾನೆ. ಪೆಟ್ಟಿಗೆ ರೆಂಬೆ ಮುರಿದರೆ ನಾಲ್ಕನೆಯವನತ್ತ ಸರಿಯುತ್ತಾನೆ. ಮರ ಹೀಗೆ ಕೊಲ್ಲದೆ ಪಡೆಯುವ ಅವಕಾಶವನ್ನು ಮನುಷ್ಯನಿಗೆ ಕೊಡುತ್ತದೆ. ಹಾವಸೆಯಲ್ಲಿ ಆ ಮೆಟ್ಟಿಲುಗಳಿಲ್ಲ. ತುಳಿಯುವುದು ಅಥವಾ ತುಳಿಯದಿರುವುದು, ಎರಡೇ ದಾರಿ. ಮುನಿಗಳು ಮಳೆಗಾಲದ ನಾಲ್ಕು ತಿಂಗಳು ಸಂಚಾರ ನಿಲ್ಲಿಸಿ ಒಂದೆಡೆ ನಿಲ್ಲುವ ಚಾತುರ್ಮಾಸ್ಯದ ನಿಯಮಕ್ಕೆ, ಆಗ ನೆಲ ತುಂಬುವ ಹಸಿರು ಮತ್ತು ಕಿರುಜೀವಿಗಳೇ ಕಾರಣ.

ಇಂದಿನ ಸಂರಕ್ಷಣಾವಾದದ ತೂಕ ಬೇರೆ. ಸಿಕ್ಕಿಂ ಹಿಮಾಲಯದಂಥ ಕೆಲವೇ ಎತ್ತರದ, ತಂಪಾದ ತಾಣಗಳಲ್ಲಿ ಉಳಿದಿರುವ ‘ತಕಾಕಿಯಾ ಸೆರಟೋಫಿಲ್ಲಾ’ ಎಂಬ ಹಾವಸೆಯನ್ನು ಅಂತರರಾಷ್ಟ್ರೀಯ ಕೆಂಪುಪಟ್ಟಿಗೆ ಸೇರಿಸಿರುವುದು ಅದರೊಳಗಿನ ಜೀವಗಳನ್ನು ಎಣಿಸಿ ಅಲ್ಲ, ಆ ಪ್ರಭೇದವೇ ವಿರಳವೆಂದು. ಜೈನದೃಷ್ಟಿಗೆ ವಿರಳತೆ ಪುಣ್ಯಪಾಪದ ವಿಷಯವಲ್ಲ. ದೇಹ ಅಳಿದರೆ ಜೀವ ಮತ್ತೊಂದು ದೇಹ ಸೇರುವುದರಿಂದ, ಪ್ರಭೇದವೊಂದು ನಿರ್ನಾಮವಾದಾಗ ಲೋಕಕ್ಕಾದ ನಷ್ಟವೇನೆಂದು ಆ ಲೆಕ್ಕದಲ್ಲಿ ಹೇಳುವುದು ಕಷ್ಟ. ಇದು ಸಿದ್ಧಾಂತದ ನಿಜವಾದ ಮಿತಿ, ಅದನ್ನು ಆಧುನಿಕ ಪರಿಸರವಾದವೆಂದು ಸಾರುವವರು ಈ ಮಿತಿಯನ್ನು ಮರೆಯುತ್ತಾರೆ. ಆದರೆ ಮಧುಗಿರಿಯ ಬಂಡೆಯ ಮೇಲಿನ ಸಾಮಾನ್ಯ ಹಾವಸೆಯ ಪರವಾಗಿ ಕೆಂಪುಪಟ್ಟಿಗೆ ಹೇಳಲು ಏನೂ ಇಲ್ಲದಿರುವಲ್ಲಿ, ಅದನ್ನು ತುಳಿಯಬಾರದೆನ್ನಲು ಗೊಮ್ಮಟಸಾರಕ್ಕೆ ಕಾರಣವಿದೆ.