ಹೂ ಕೊಯ್ಯಬಹುದು, ಗೂಡು ಮುಟ್ಟಬಾರದು – ಏಕೆ?

"ಯಾಕೆ ಅಂಕಲ್, ಹೂ ಕೊಯ್ಯಬಹುದು, ಗೂಡು ಮುಟ್ಟಬಾರದಾ?"

ಹತ್ತು ವರ್ಷದ ಹುಡುಗನೊಬ್ಬ ಈ ಪ್ರಶ್ನೆ ಕೇಳಿದಾಗ ನಾನು ಮಳೆಯಲ್ಲಿ ನೆನೆದ ದಾಸವಾಳದ ಬೇಲಿಯ ಪಕ್ಕ ನಿಂತಿದ್ದೆ. ಸುತ್ತಲೂ ನಮ್ಮ ವಾರ್ಡಿನ ಏಳು ಮಕ್ಕಳು. ಕೈಗಳಲ್ಲಿ ಹೂವಿನ ಬುಟ್ಟಿ, ಕಾಲುಗಳಲ್ಲಿ ಕೆಸರು. ಉತ್ತರ ತಕ್ಷಣ ಹೊಳೆಯಲಿಲ್ಲ. "ಯೋಚಿಸಿ ಹೇಳುತ್ತೇನೆ" ಎಂದೆ. ಅಂದಿನಿಂದ ಯೋಚಿಸುತ್ತಲೇ ಇದ್ದೇನೆ.

ಕರಾವಳಿಯ ಕಥೊಲಿಕ ಕುಟುಂಬಗಳಿಗೆ ಆ ದಿನಗಳ ಪರಿಚಯ ಹೇಳಬೇಕಾಗಿಲ್ಲ. ಆಗಸ್ಟ್ 30ರಿಂದ ಒಂಬತ್ತು ದಿನ ನೊವೆನಾ, ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನವರ ಜನ್ಮದಿನದ ಮೊಂತಿ ಹಬ್ಬ. ಮಕ್ಕಳು ದಿನವೂ ಹೂ ತಂದು ಬಾಲ ಮರಿಯಮ್ಮನವರ ಪ್ರತಿಮೆಗೆ ಅರ್ಪಿಸುತ್ತಾರೆ. ಹಬ್ಬದಂದು ಆಶೀರ್ವದಿಸಿದ ಹೊಸ ತೆನೆ ಮನೆಗೆ ಬರುತ್ತದೆ. ಮಕ್ಕಳ ಕೈಗೆ ಕಬ್ಬು ಸಿಗುತ್ತದೆ. ಮನೆಯವರೆಲ್ಲ ಒಟ್ಟಿಗೆ ಕುಳಿತು, ಬಾಳೆಲೆಯಲ್ಲಿ ತರಕಾರಿ ಊಟದೊಂದಿಗೆ ಹೊಸ ಅಕ್ಕಿಯನ್ನು ಸವಿಯುತ್ತಾರೆ.

ನನ್ನ ಬಾಲ್ಯದಲ್ಲಿ ಈ ಒಂಬತ್ತು ದಿನಗಳ ಗುರು ನನ್ನ ಅಜ್ಜಿ. ಬೆಳಿಗ್ಗೆ ಶಾಲೆಗೆ ಮೊದಲು ನಮ್ಮನ್ನು ಎಬ್ಬಿಸಿ ಗುಡ್ಡಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಓದು ಬರಹ ಅವರಿಗೆ ಹೆಚ್ಚು ಬರುತ್ತಿರಲಿಲ್ಲ. ಆದರೆ ಕೇಪಳದ ಹೂವನ್ನು ಹೇಗೆ ಕಿತ್ತು ಅದರ ಬುಡದ ಜೇನನ್ನು ಹೀರಬೇಕೆಂದು ಅವರೇ ತೋರಿಸಿದ್ದು. ಎಲೆಯ ತುದಿಯನ್ನೇ ಸುರುಳಿ ಮಾಡಿ ಬೇಲಿ ಹಿಡಿದು ಹತ್ತುವ, ಬೆಂಕಿಯ ನಾಲಿಗೆಯಂತಹ ಗೌರಿ ಹೂವನ್ನು ತೋರಿಸಿ, "ನೋಡಲು ಚಂದ, ಆದರೆ ಗಿಡವೆಲ್ಲ ವಿಷ, ಗೆಡ್ಡೆ ತಿಂದರೆ ಜೀವವೇ ಹೋದೀತು. ಬಾಯಿಗೆ ಕೈ ಹಾಕಬೇಡಿ" ಎಂದು ಎಚ್ಚರಿಸಿದ್ದೂ ಅವರೇ. ಅವರ ನಿಯಮಗಳು ಮೂರು. ಕೇಳದೆ ಯಾರ ಅಂಗಳದ ಹೂವನ್ನೂ ಕೊಯ್ಯಬಾರದು. ತುಂಬೆಯನ್ನು ಬೇರುಸಹಿತ ಎಳೆಯಬಾರದು. ಒಂದು ಗಿಡದಿಂದ ಎಲ್ಲ ಹೂವನ್ನೂ ಬರಿದು ಮಾಡಬಾರದು. "ಚೌತಿಗೆ ನೆರೆಮನೆಯವರಿಗೂ ಹೂ ಬೇಕಲ್ಲ?" ಎನ್ನುತ್ತಿದ್ದರು. ಪಕ್ಕದ ಮನೆಯವರೂ ನಮ್ಮ ಹಬ್ಬವನ್ನು ನೆನೆದು ಎರಡು ಹೂ ಹೆಚ್ಚೇ ಬಿಡುತ್ತಿದ್ದರು.

ಇಷ್ಟೆಲ್ಲ ಕಲಿತ ನಾನು ತಂದೆಯಾದಾಗ ಏನು ಮಾಡಿದೆ? ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಕೆಲಸದ ಗಡಿಬಿಡಿಯಲ್ಲಿ ಪೇಟೆಯಿಂದ ಸೇವಂತಿಗೆಯ ಕಟ್ಟು ತಂದು, ಅದನ್ನೇ ಬಿಡಿಸಿ ಮಗಳ ಬುಟ್ಟಿಗೆ ಹಾಕಿ ಕಳುಹಿಸುತ್ತಿದ್ದೆ. ಒಂದು ಸಂಜೆ ಅವಳು ಕೇಳಿದಳು: "ಅಪ್ಪಾ, ಈ ಹೂ ಯಾವ ಊರಿನದು?" ನನಗೆ ಗೊತ್ತಿರಲಿಲ್ಲ. ಅವಳು ಮರಿಯಮ್ಮನವರಿಗೆ ಅರ್ಪಿಸುತ್ತಿದ್ದದ್ದು ತನ್ನ ಶ್ರಮವನ್ನಲ್ಲ, ನನ್ನ ಹಣವನ್ನು. ಅಂಗಡಿಯ ಹೂವನ್ನು ನಾನು ಹೀಗಳೆಯುವುದಿಲ್ಲ. ಅದನ್ನು ಬೆಳೆದವರೂ ದುಡಿದವರೇ. ಆದರೆ ಮಗುವಿಗೆ ಹೂವಿನ ಜೊತೆಗೆ ಸಿಗಬೇಕಾಗಿದ್ದ ದಾರಿ, ಮಳೆ, ಬೇಲಿ, ನೆರೆಮನೆ, ಇವು ಯಾವುವೂ ಆ ಕಟ್ಟಿನಲ್ಲಿ ಇರಲಿಲ್ಲ.

ಮರುವರ್ಷ ಗುರಿಕಾರರಿಗೆ ಹೇಳಿ, ವಾರ್ಡಿನ ಮಕ್ಕಳನ್ನು ಸೇರಿಸಿಕೊಂಡೆ. ಆಗಸ್ಟ್ ತಿಂಗಳ ಭಾನುವಾರಗಳಂದು ಪೂಜೆಯ ನಂತರ ಒಂದು ಗಂಟೆ, ನೊವೆನಾದ ದಿನಗಳಲ್ಲಿ ಪ್ರತಿ ಬೆಳಿಗ್ಗೆ ಅರ್ಧ ಗಂಟೆ. ಕೆಲವು ತಾಯಂದಿರು ಹಾವಿನ ಭಯ ಹೇಳಿದರು. ಆ ಭಯ ಸುಳ್ಳಲ್ಲ. ಅದಕ್ಕೇ ಹಿರಿಯರೊಬ್ಬರು ಮುಂದೆ ಕೋಲು ಹಿಡಿದು ನಡೆಯಬೇಕು. ಹುಲ್ಲನ್ನು ಕೋಲಿನಿಂದ ಸರಿಸಿ ಹೆಜ್ಜೆ ಇಡುವುದು, ಬಿಲದೊಳಗೆ ಕೈ ಹಾಕದಿರುವುದು, ಇವೂ ಪಾಠಗಳೇ. ಮೊದಲ ವಾರ ಮಕ್ಕಳು ಓಡಿದರು, ಕಿರುಚಿದರು. ಮೂರನೆಯ ವಾರ ಮುರಕಲ್ಲಿನ ಬಯಲಿನಲ್ಲಿ, ನೀರು ಜಿನುಗುವ ಕಡೆ, ಉಗುರಿನಷ್ಟು ಚಿಕ್ಕ ನೀಲಿ ಹೂಗಳ ಮುಂದೆ ಎಲ್ಲರೂ ಮೊಣಕಾಲೂರಿದ್ದರು. ಈ ಗಿಡ ಒದ್ದೆ ಮಣ್ಣಿನಡಿಯ ಸಣ್ಣ ಚೀಲಗಳಲ್ಲಿ ಸೂಕ್ಷ್ಮಜೀವಿಗಳನ್ನು ಹಿಡಿದು ಬದುಕುತ್ತದೆ ಎಂದಾಗ ಯಾರೂ ನಂಬಲಿಲ್ಲ. ಮೊಣಕಾಲೂರಲು ನಾನು ಹೇಳಿರಲಿಲ್ಲ.

ನೊವೆನಾದ ನಾಲ್ಕನೆಯ ದಿನ ಆ ಗೂಡು ಸಿಕ್ಕಿತು. ದಾಸವಾಳಕ್ಕೆ ಕೈ ಚಾಚಿದ ಹುಡುಗಿಯೊಬ್ಬಳು ನಿಂತುಬಿಟ್ಟಳು. ಎಲೆಗಳ ಅಂಚನ್ನು ನಾರಿನಿಂದ ಹೊಲಿದು ಮಾಡಿದ ಸಿಂಪಿಗ ಹಕ್ಕಿಯ ಗೂಡು. ಒಳಗೆ ಬಾಯಿ ತೆರೆದ ಮೂರು ಮರಿಗಳು. ಮಕ್ಕಳು ಮುತ್ತಿಕೊಂಡರು. ಮನೆಗೆ ಕೊಂಡೊಯ್ಯೋಣ ಎಂದವರೂ ಇದ್ದರು. ನಾನು ಎಲ್ಲರನ್ನೂ ಹತ್ತು ಹೆಜ್ಜೆ ಹಿಂದೆ ಸರಿಸಿದೆ. ಆಗಲೇ ಆ ಪ್ರಶ್ನೆ ಬಂದದ್ದು.

ಇದು ಬರೀ ಹಕ್ಕಿಗೂಡಿನ ಪ್ರಶ್ನೆಯಲ್ಲ. ದೇವರ ಸೃಷ್ಟಿಯಿಂದ ನಾವು ಏನನ್ನು ತೆಗೆದುಕೊಳ್ಳಬಹುದು, ಎಲ್ಲಿ ಕೈ ಹಿಂದೆಗೆಯಬೇಕು ಎಂಬ ಪ್ರಶ್ನೆ. ಪವಿತ್ರ ಬೈಬಲ್ ಇದನ್ನು ಸಣ್ಣ ವಿಷಯವೆಂದು ಬಿಟ್ಟಿಲ್ಲ. ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದಲ್ಲಿ, ದಾರಿಯಲ್ಲಿ ಹಕ್ಕಿಗೂಡು ಸಿಕ್ಕಿದರೆ ತಾಯಿ ಹಕ್ಕಿಯನ್ನು ಮರಿಗಳೊಂದಿಗೆ ಹಿಡಿಯಬಾರದು, ತಾಯಿಯನ್ನು ಬಿಟ್ಟುಬಿಡಬೇಕು ಎಂಬ ಆಜ್ಞೆ ಇದೆ. ಏನನ್ನೂ ಮುಟ್ಟಬೇಡಿ ಎಂದು ಅದು ಹೇಳುವುದಿಲ್ಲ. ಜೀವದ ಸರಪಳಿ ಕಡಿಯುವಂತೆ ತೆಗೆದುಕೊಳ್ಳಬೇಡಿ ಎನ್ನುತ್ತದೆ. ಹೊಲ ಕೊಯ್ಯುವಾಗ ಅಂಚಿನವರೆಗೂ ಬಳಿಯದೆ ಬಡವರಿಗಾಗಿ ಬಿಡಬೇಕೆಂಬ ಯಾಜಕಕಾಂಡದ ನಿಯಮವೂ ಇದೇ ಜಾತಿಯದು. ನನ್ನ ಅಜ್ಜಿ ಆ ಅಧ್ಯಾಯಗಳನ್ನು ಓದಿರಲಿಲ್ಲ, ಆದರೆ ಅವುಗಳನ್ನು ಬದುಕಿದ್ದರು.

ದಾಸವಾಳ ಅರಳಿದ ಮರುದಿನಕ್ಕೆ ಬಾಡುತ್ತದೆ, ಗಿಡ ಇನ್ನೊಂದನ್ನು ಅರಳಿಸುತ್ತದೆ. ಮರಿಯನ್ನು ಒಯ್ದರೆ ಮರಳಿ ಕೊಡಲು ನಮ್ಮಿಂದಾಗದು. ಮೊದಲನೆಯದು ಕೃತಜ್ಞತೆಯಿಂದ ಪಡೆದ ಕೊಡುಗೆ, ಎರಡನೆಯದು ಕಳ್ಳತನ. ಹಾಗೆಂದು ಹೂವನ್ನು ಕೊಯ್ಯುವುದಕ್ಕೂ ಮಿತಿ ಇಲ್ಲವೆಂದಲ್ಲ. ತುಂಬೆ ಬೀಜ ಬಿಡುವ ಮೊದಲೇ ಎಲ್ಲವನ್ನೂ ಕಿತ್ತರೆ ಮುಂದಿನ ಮಳೆಗೆ ಆ ಜಾಗ ಬರಿದು.

ಇಂದು ಕೆಲವರು ಮಕ್ಕಳಿಗೆ ಹೂ ಕೊಯ್ಯಲೇ ಬಿಡಬಾರದು, ದೂರದಿಂದ ನೋಡಿದರೆ ಸಾಕು ಎನ್ನುತ್ತಾರೆ. ಅವರ ಕಾಳಜಿ ಅರ್ಥವಾಗುತ್ತದೆ. ಅಪರೂಪದ ಗಿಡಗಳ ವಿಷಯದಲ್ಲಿ ಅವರ ಮಾತೇ ಸರಿ. ಮುರಕಲ್ಲಿನ ನೀಲಿ ಹೂಗಳನ್ನು ನಾವೂ ಕೊಯ್ಯಲಿಲ್ಲ. ಆದರೆ ಎಂದೂ ಮುಟ್ಟದ, ಮೂಸದ, ಕೆಸರು ಮೆತ್ತಿಕೊಳ್ಳದ ಮಗು ಸೃಷ್ಟಿಯನ್ನು ಹೇಗೆ ಪ್ರೀತಿಸೀತು? ಪ್ರೀತಿ ಕೈಯಿಂದಲೂ ಹುಟ್ಟುತ್ತದೆ. ಆ ಕೈಗೆ ಮಿತಿಯನ್ನು ಕಲಿಸಲು ಪಕ್ಕದಲ್ಲಿ ಇನ್ನೊಂದು ಕೈ ಬೇಕು.

"ನನಗೇ ಗಿಡದ ಹೆಸರು ಗೊತ್ತಿಲ್ಲ, ಮಕ್ಕಳಿಗೆ ಏನು ಹೇಳಲಿ?" ಎಂದು ಕೇಳುವ ತಂದೆತಾಯಂದಿರಿಗೆ ಅಮೆರಿಕದ ಒಬ್ಬ ಜೀವವಿಜ್ಞಾನಿಯ ಉದಾಹರಣೆ ಕೊಡಬಯಸುತ್ತೇನೆ. ಕೀಟನಾಶಕಗಳ ಹಾನಿಯನ್ನು 1962ರಲ್ಲಿ ತನ್ನ ಪುಸ್ತಕದ ಮೂಲಕ ಜಗತ್ತಿಗೆ ಸಾರಿದ ರೇಚಲ್ ಕಾರ್ಸನ್, 1956ರಲ್ಲಿ ಒಂದು ಮಹಿಳಾ ಪತ್ರಿಕೆಯಲ್ಲಿ ಮಕ್ಕಳ ವಿಸ್ಮಯದ ಬಗ್ಗೆ ಲೇಖನ ಬರೆದರು. ತನ್ನ ಅಕ್ಕನ ಮೊಮ್ಮಗನನ್ನು, ಅವನಿನ್ನೂ ಎರಡು ವರ್ಷ ತುಂಬದ ಕೂಸಾಗಿದ್ದಾಗಲೇ, ಮಳೆಯ ರಾತ್ರಿ ಕಂಬಳಿಯಲ್ಲಿ ಸುತ್ತಿ ಸಮುದ್ರದ ಅಲೆಗಳನ್ನು ತೋರಿಸಲು ಎತ್ತಿಕೊಂಡು ಹೋದವರು ಅವರು. ಅಷ್ಟು ಕಲಿತ ವಿಜ್ಞಾನಿಯೂ ಹೆಸರುಗಳನ್ನು ಬಾಯಿಪಾಠ ಮಾಡಿಸಲು ಹೋಗಲಿಲ್ಲ. ಜೊತೆಗೂಡಿ ಬೆರಗಾಗುವ ಒಬ್ಬ ಹಿರಿಯರಿದ್ದರೆ ಸಾಕೆಂದು ನಂಬಿದರು. 1957ರಲ್ಲಿ ಆ ಹುಡುಗನ ತಾಯಿ ತೀರಿಕೊಂಡಾಗ ಅವನನ್ನು ದತ್ತು ತೆಗೆದುಕೊಂಡು ಸಾಕಿದವರೂ ಅವರೇ. ಜೊತೆಗೆ ನಡೆಯುವುದೆಂದರೆ ಕೊನೆಗೆ ಇದೇ ಅಲ್ಲವೇ?

2015ರಲ್ಲಿ ಪೋಪ್ ಫ್ರಾನ್ಸಿಸ್‌ರವರು ‘ಲೌದಾತೊ ಸಿ’ ವಿಶ್ವಪತ್ರವನ್ನು ನೀಡಿ, ಅದೇ ವರ್ಷ ಸೆಪ್ಟೆಂಬರ್ 1ನ್ನು ಸೃಷ್ಟಿಯ ಪಾಲನೆಗಾಗಿ ಪ್ರಾರ್ಥಿಸುವ ದಿನವಾಗಿ ಗೊತ್ತುಪಡಿಸಿದರು. ಆ ದಿನ ನಮ್ಮ ನೊವೆನಾದ ಮಧ್ಯದಲ್ಲೇ ಬರುತ್ತದೆ. ಅಂದು ಪ್ರಾರ್ಥನೆಯನ್ನು ಓದಿ ಮುಗಿಸಿದ ಮೇಲೆ, ಹೂವಿನ ಬುಟ್ಟಿ ಹಿಡಿದು ಮಕ್ಕಳೊಂದಿಗೆ ಹೊರಗೆ ಹೊರಡಬಾರದೇ? ಪೇಟೆಯಲ್ಲಿರುವವರಿಗೆ ಗುಡ್ಡ ಸಿಗದಿರಬಹುದು. ಗುಡಿಯ ಅಂಗಳ, ರಸ್ತೆಬದಿಯ ಬೇಲಿ, ಅಜ್ಜಿಯ ಮನೆಯ ಹಿತ್ತಲು ಸಾಕು. ಬುಟ್ಟಿ ತುಂಬಬೇಕೆಂದಿಲ್ಲ. ನಿಮ್ಮ ಮನೆಯ ಅಜ್ಜ ಅಜ್ಜಿಯರಿಗೆ ನಡೆಯುವ ಶಕ್ತಿಯಿದ್ದರೆ ಅವರನ್ನೂ ಕರೆಯಿರಿ. ಅವರಿಗೆ ಗೊತ್ತಿರುವ ಎಷ್ಟೋ ಹೆಸರುಗಳು ಅವರೊಂದಿಗೇ ಮರೆಯಾಗುತ್ತಿವೆ.

ಆ ಹುಡುಗನಿಗೆ ನಾನು ಇದನ್ನೆಲ್ಲ ಹೇಳಲಿಲ್ಲ. ಮರುದಿನ, "ಹೂ ಮತ್ತೆ ಬರುತ್ತದೆ, ಆ ಮರಿಗಳು ಮತ್ತೆ ಬರುವುದಿಲ್ಲ" ಎಂದಷ್ಟೇ ಹೇಳಿದೆ. ಅವನು ತಲೆಯಾಡಿಸಿದ, ಒಪ್ಪಿದನೋ ಇಲ್ಲವೋ ತಿಳಿಯಲಿಲ್ಲ. ನೊವೆನಾದ ಕೊನೆಯ ದಿನ ಅವನ ಬುಟ್ಟಿಯಲ್ಲಿ ಮೂರೇ ದಾಸವಾಳ ಇದ್ದವು. ಏಕೆ ಇಷ್ಟೇ ಎಂದು ಕೇಳಿದೆ.

"ಗಿಡದಲ್ಲಿ ಇನ್ನೂ ಇತ್ತು ಅಂಕಲ್" ಎಂದ. "ಪಕ್ಕದ ಮನೆಯವರಿಗೆ ಚೌತಿಗೆ ಬೇಕಲ್ಲ? ಮತ್ತೆ ಗೂಡಿನ ಹತ್ತಿರದ್ದನ್ನು ಕೊಯ್ಯಲಿಲ್ಲ."

ಮಾತೆ ಮರಿಯಮ್ಮನವರ ಪಾದದಲ್ಲಿ ಅಂದು ಬಿದ್ದ ಹೂಗಳಲ್ಲಿ ಆ ಮೂರು ಹೂಗಳೇ ನನಗೆ ಹೆಚ್ಚಿನವಾಗಿ ಕಂಡವು.